ಅಚ್ಚಿನಲ್ಲಿಲ್ಲದ ಒಂದು ಸಾಲು

ಗಣಿ ಕಂಪನಿಗಳು ಕರೆದು ಕರೆದು ಕೆಲಸ ಕೊಡುತ್ತಿದ್ದ ವರ್ಷಗಳವು. ಹೊಸಪೇಟೆಯಲ್ಲಿ ನಾನು ಓದಿದ ಕಾನ್ವೆಂಟಿನ ಇಬ್ಬರು ಮೇಷ್ಟ್ರು ಪಾಠ ಬಿಟ್ಟು ವೇಬ್ರಿಡ್ಜಿನಲ್ಲಿ ಅದಿರು ತೂಗಲು ಹೋಗಿದ್ದರು. ಏಳನೇ ಕ್ಲಾಸಿನ ವಿದ್ಯಾರ್ಥಿವೇತನ ಪರೀಕ್ಷೆಗೆ ಕೋಣೆ ನೋಡಿಕೊಳ್ಳುವವರು ಸಾಲದೆ, ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಇಲಾಖೆಯ ಒಪ್ಪಿಗೆ ತರಿಸಿಕೊಂಡು ನನ್ನನ್ನು ಕರೆದರು. ನನಗೂ ಪಾಠ ಹೇಳಿದವರು ಅವರು.

"ಭಾನುವಾರ ಒಂದು ಬೆಳಿಗ್ಗೆ ಬಾ. ಅಡುಗೆ ತಡವಾದರೆ ನಿಮ್ಮ ಮನೆಯವರೇನೂ ಸೊರಗಿಹೋಗಲ್ಲ."

ಕೈಗೆ ಎರಡು ಪುಟದ ನಿಯಮಗಳನ್ನು ಕೊಟ್ಟರು. ಪ್ರಶ್ನೆಪತ್ರಿಕೆ ಕಟ್ಟಿನ ಸೀಲು ಮಕ್ಕಳಿಗೆ ತೋರಿಸಬೇಕು, ಅವರಲ್ಲಿ ಇಬ್ಬರ ಸಹಿ ಹಾಕಿಸಿಕೊಳ್ಳಬೇಕು, ಸೂಚನೆಗಳನ್ನು ಇದ್ದದ್ದು ಇದ್ದಂತೆ ಓದಬೇಕು. 'ಇದ್ದಂತೆ' ಎಂಬಲ್ಲಿ ಸಿಸ್ಟರ್ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು.

ಮೊದಲ ಬೆಂಚಿನಲ್ಲಿ ಮೆಟ್ರಿ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ಹುಡುಗಿ. ಒಂದು ಜಡೆಗೆ ಹೊಸ ರಿಬ್ಬನ್ನು, ಇನ್ನೊಂದಕ್ಕೆ ಬಣ್ಣ ಹೋದದ್ದು. ಅದು ಬಿಚ್ಚಿತ್ತು, ಕಟ್ಟಿಕೊಟ್ಟೆ.

"ಪಾಸಾದ್ರ ಹೈಸ್ಕೂಲಿಗೆ ಕಳಸ್ತೀನಿ ಅಂದಾನ್ರಿ ನಮ್ಮಪ್ಪ," ಎಂದಳು. "ಇಲ್ಲಂದ್ರ ಹೊಲಕ್ಕ."

ಬೆಲ್ ಆಯಿತು. ಸೀಲು ತೋರಿಸಿದೆ, ಸಹಿ ಹಾಕಿಸಿದೆ, ಹಾಳೆ ಹಂಚಿ ಸೂಚನೆ ಓದಿದೆ. ಸರಿಯುತ್ತರದ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು, ಯಂತ್ರ ಓದುವ ಹಾಳೆಯಾದ್ದರಿಂದ ಬೇರೆ ಯಾವ ಗುರುತಿದ್ದರೂ ತಿರಸ್ಕರಿಸಲಾಗುವುದು. ಓದಿ ತಲೆಯೆತ್ತಿದರೆ ಮಕ್ಕಳ ಮುಖಗಳು ಬಿಗಿದುಕೊಂಡಿದ್ದವು. ಪಾಪ ಅನ್ನಿಸಿ ಬಾಯಿಂದ ಬಂದೇಬಿಟ್ಟಿತು: "ಹೆದರಬ್ಯಾಡ್ರಿ. ದೇವ್ರನ್ನ ನೆನಸ್ಕೊಂಡು ಶುರು ಮಾಡ್ರಿ."

ಮಕ್ಕಳ ಕಿವಿಯಲ್ಲಿ ಉಳಿದದ್ದು ಕೊನೆಯ ಆ ಮಾತು. ಸ್ವಲ್ಪ ಹೊತ್ತಿಗೆ ಬೆಂಚುಗಳ ನಡುವೆ ನಡೆದು ನೋಡಿದರೆ ಹಾಳೆಗಳ ನೆತ್ತಿಯ ಮೇಲೆ ಒಂದರಲ್ಲಿ ಶ್ರೀ, ಒಂದರಲ್ಲಿ ಓಂ, ಒಂದರಲ್ಲಿ ೭೮೬, ಒಂದರಲ್ಲಿ ಪುಟ್ಟ ಶಿಲುಬೆ. ಹಿಂದಿನ ಬೆಂಚಿನವನು ಪೀಠ ಸಮೇತ ಲಿಂಗವನ್ನೇ ಬರೆದು ಕೂತಿದ್ದ. ತಪ್ಪೇನು ಅವರದು? ನಮ್ಮ ಕಡೆ ದೇವರನ್ನು ನೆನೆಸದೆ ಯಾರು ಕಾಗದ ಮುಟ್ಟುತ್ತಾರೆ? ನನ್ನ ಕಿರಾಣಿ ಚೀಟಿಯೂ ಶ್ರೀಯಿಂದಲೇ ಶುರುವಾಗುವುದು.

"ರಬ್ಬರ್ ತಗೊಳ್ರಿ, ಜಲ್ದಿ ಅಳಸ್ರಿ!"

ಎಲ್ಲರದೂ ಪೆನ್ಸಿಲು, ಅಳಿಸಿತು. ಮೆಟ್ರಿಯ ಹುಡುಗಿ ಮಾತ್ರ ತಲೆ ತಗ್ಗಿಸಿ ಉಜ್ಜುತ್ತಲೇ ಇದ್ದಳು. ಅವಳು ಪೆನ್ನಿನಲ್ಲಿ ಬರೆದಿದ್ದಳು.

"ಹೋಗವಲ್ದು ಟೀಚರ್. ನೀವ ಹೇಳಿದ್ರಲ್ರಿ?"

"ಮನಸ್ನ್ಯಾಗ ನೆನಸು ಅಂದ್ರಲೇ, ಪೆನ್ನಿಲೆ ಬರಿ ಅಂದ್ರೇನು?" ಎಂದಳು ಪಕ್ಕದವಳು.

ಇವಳ ಕಣ್ಣು ತುಂಬಿತು. ಕೋಣೆ ಬಿಟ್ಟು ಹೋಗುವಂತಿಲ್ಲ. ವರಾಂಡದಲ್ಲಿದ್ದ ಆಯಾಳನ್ನು ಕಳಿಸಿ ಸಿಸ್ಟರನ್ನು ಕರೆಸಿದೆ. ಅವರು ಹಾಳೆ ನೋಡಿ, ಮೆಲ್ಲಗೆ ಕೇಳಿದರು: "ಯಾರು ಹೇಳಿದ್ದು ಇವಳಿಗೆ?"

"ನಾನೇ, ಸಿಸ್ಟರ್."

"ನೀನು ಎಂಟನೇ ಕ್ಲಾಸಿನಲ್ಲೂ ಹೀಗೇ. ಕೇಳಿದ್ದಕ್ಕಿಂತ ಒಂದು ಸಾಲು ಹೆಚ್ಚು."

ಹಾಳೆ ಹೋಯಿತು ಅನ್ನುತ್ತಾರೆ ಎಂದುಕೊಂಡೆ. ಅವರು ನಿಯಮಗಳ ಎರಡನೇ ಪುಟ ತಿರುವಿ, ಒಂದು ಕಡೆ ಬೆರಳಿಟ್ಟರು. ಗಾಬರಿಯಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಮೇಲ್ವಿಚಾರಕರ ತಪ್ಪಿನಿಂದ ಹಾಳೆ ಕೆಟ್ಟರೆ ಮುಖ್ಯಸ್ಥರು ಬೇರೆ ಹಾಳೆ ಕೊಡಬಹುದು. ಹಳೆಯದಕ್ಕೆ ಅಡ್ಡಗೆರೆ, ಮಗುವಿನ ಸಹಿ, ವರದಿಯಲ್ಲಿ ಕಾರಣ. ಹೆಚ್ಚಿನ ಸಮಯವಿಲ್ಲ.

"ಕಾರಣ ನೀನೇ ಬರಿ," ಎಂದರು.

'ಅಚ್ಚಿನಲ್ಲಿಲ್ಲದ ಮಾತನ್ನು ನಾನು ಆಡಿದ್ದರಿಂದ' ಎಂದು ಬರೆದು, ಅವಳ ನಂಬರು ನಮೂದಿಸಿ ಸಹಿ ಮಾಡಿದೆ. ಕಾನ್ವೆಂಟಿನಲ್ಲಿ ಶಿಕ್ಷೆಯೆಂದು ಇಂಪೊಸಿಷನ್ ಬರೆದಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ.

ಹೊಸ ಹಾಳೆ ಅವಳ ಮುಂದೆ ಬರುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ನಾನು ಕೈ ಹಿಂದೆ ಕಟ್ಟಿ ನಿಂತೆ, ತುಟಿ ಬಿಚ್ಚಲಿಲ್ಲ. ಅವಳು ಪ್ರತಿ ವೃತ್ತ ತುಂಬುವ ಮುಂಚೆ ಮತ್ತೆ ತಪ್ಪಾಗದಿರಲೆಂಬಂತೆ ಪೆನ್ಸಿಲನ್ನು ಗಾಳಿಯಲ್ಲೊಮ್ಮೆ ಸುತ್ತಿಸುತ್ತಿದ್ದಳು. ಇನ್ನು ಹತ್ತೇ ನಿಮಿಷ ಎನ್ನುವ ಬೆಲ್ ಆದಾಗ ಇನ್ನೊಂದು ಪೂರ್ತಿ ಪುಟ ಉಳಿದಿತ್ತು. ಆಗ ಗಾಳಿಯ ಸುತ್ತು ನಿಂತಿತು, ಪೆನ್ಸಿಲು ನೇರ ಹಾಳೆಗೇ ಇಳಿಯಿತು.

ಕೊನೆಯ ಬೆಲ್ಲಿಗೆ ಅವಳು ಬೆರಳ ನೆಟಿಗೆ ಮುರಿಯುತ್ತ ಕೂತಿದ್ದಳು. "ಎಲ್ಲಾ ಮಾಡೀನ್ರಿ ಟೀಚರ್. ಎರಡು ಗೊತ್ತಿರಲಿಲ್ಲ, ಅವನ್ನೂ ಬಿಟ್ಟಿಲ್ಲ." ಹಾಳೆಗಳನ್ನು ಎಣಿಸಿ ಸಿಸ್ಟರ್ ಕೈಗಿಟ್ಟಮೇಲೆ ನಾನು ಖಾಲಿ ಬೆಂಚಿನ ಮೇಲೆ ಕೂತುಬಿಟ್ಟೆ.

ಫಲಿತಾಂಶದ ಪಟ್ಟಿಯನ್ನು ಶಾಲೆಯ ಬೋರ್ಡಿಗೆ ಅಂಟಿಸಿದ ದಿನ ನೋಡಲು ಹೋದೆ. ಅವಳ ನಂಬರು ನನಗೆ ಬಾಯಿಪಾಠವಾಗಿತ್ತು. ಇತ್ತು. ಕನ್ನಡಕ ಒರೆಸಿಕೊಂಡು, ಬೆರಳಿಟ್ಟು ಇನ್ನೊಮ್ಮೆ ಓದಿದೆ. ಇತ್ತು.