ರಸ್ತೆಗೆ ಅಟ್ಟಿದ ಹಂದಿಗಳು

೧೯೭೮ರಲ್ಲಿ ನಾನು ಮೋಟಾರು ವಾಹನ ಇನ್ಸ್‌ಪೆಕ್ಟರ್ ಆಗಿದ್ದೆ. ಸೇಡಂ, ಚಿತ್ತಾಪುರ, ಚಿಂಚೋಳಿ ನನ್ನ ವ್ಯಾಪ್ತಿಯಲ್ಲಿದ್ದವು. ಜನ ನಮ್ಮನ್ನು ‘ಬ್ರೇಕ್ ಇನ್ಸ್‌ಪೆಕ್ಟರ್’ ಎನ್ನುತ್ತಿದ್ದರು. ಅಪಘಾತವಾದ ಗಾಡಿಯನ್ನು ಪರೀಕ್ಷಿಸಿ, ತಪ್ಪು ಯಂತ್ರದ್ದೋ ಅಲ್ಲವೋ ಎಂದು ವರದಿ ಕೊಡುವುದು ನನ್ನ ಕೆಲಸ. ಒಮ್ಮೆ ಮಾತ್ರ ಅಪಘಾತದ ಗಾಡಿಯಲ್ಲಿ ನಾನೇ ಕುಳಿತಿದ್ದೆ.

ಜನವರಿ ತಿಂಗಳು, ತೊಗರಿ ಕೊಯ್ಲಿನ ಕಾಲ. ಇಲಾಖೆಯ ಜೀಪು ಕೆಟ್ಟಿದ್ದರಿಂದ ಸೇಡಂನ ಶರಣಪ್ಪನ ಬಾಡಿಗೆ ಜೀಪಿನಲ್ಲಿ ಚಿಂಚೋಳಿಗೆ ಹೋಗಿ, ಅಲ್ಲಿಂದ ಐನಾಪುರದ ಕಡೆ ಹೊರಟಿದ್ದೆ. ಶರಣಪ್ಪನ ಮನೆ ನಡೆಯುತ್ತಿದ್ದುದು ಆ ಒಂದು ಜೀಪಿನಿಂದ. ಮಧ್ಯಾಹ್ನ ಮೂರೂವರೆಗೆ, ತಿರುವಿನ ಬಳಿ ಹೊಲದೊಳಗಿಂದ ಡಬ್ಬಿ ಬಡಿಯುವ ಸದ್ದು ಕೇಳಿತು.

“ಏನೋ ಬಾರಸಾಕತ್ತಾರಲ್ರಿ ಸಾಹೇಬ್ರ” ಎಂದು ಶರಣಪ್ಪ ವೇಗ ತಗ್ಗಿಸಿದ.

ವೇಗ ತೋರಿಸುವ ಮುಳ್ಳು ಮೂವತ್ತು ಕಿಲೋಮೀಟರಿನ ಕೆಳಗಿತ್ತು. ಯಾವ ಗಾಡಿಯಲ್ಲಿ ಕುಳಿತರೂ ಅದನ್ನು ನೋಡುವುದು ನನ್ನ ಅಭ್ಯಾಸ. ಅಷ್ಟರಲ್ಲಿ ಕಾಡುಹಂದಿಗಳ ಹಿಂಡು ರಸ್ತೆಗೆ ನುಗ್ಗಿತು. ಶರಣಪ್ಪ ಬ್ರೇಕ್ ಒತ್ತಿದ. ಆದರೂ ದೊಡ್ಡದೊಂದು ಗಂಡು ಹಂದಿ ಎದುರಿಗೇ ಬಂದು ಗುದ್ದಿತು. ಜೀಪು ಜಾರಿ ಮೋರಿಯ ಕಲ್ಲಿಗೆ ಬಡಿಯಿತು. ರೇಡಿಯೇಟರ್ ಒಡೆಯಿತು, ಮುಂದಿನ ಆಕ್ಸಲ್ ಬಾಗಿತು. ಹಂದಿ ಅಲ್ಲೇ ಸತ್ತಿತು. ನಮಗೆ ತರಚು ಗಾಯಗಳಷ್ಟೇ. ಆದರೆ ನನ್ನ ಕೈಗಳ ನಡುಕ ನಿಲ್ಲಲಿಲ್ಲ.

ಹಿಂಡಿನ ಬೆನ್ನಿಗೇ ಡಬ್ಬಿ ಹಿಡಿದ ಹತ್ತು ಜನ, ಅವರ ಹಿಂದೆ ಅರಣ್ಯ ಇಲಾಖೆಯ ಗಾರ್ಡ್ ಭೀಮರಾವ್ ಬಂದರು. ಬೆಳೆ ಹಾಳಾಗುತ್ತಿದೆ ಎಂಬ ರೈತರ ದೂರಿನ ಮೇಲೆ ಹಂದಿಗಳನ್ನು ರಸ್ತೆ ದಾಟಿಸಿ ಕಾಡಿಗೆ ಅಟ್ಟಲು ಮೇಲಿನವರು ಹೇಳಿದ್ದರಂತೆ. ಗಾಡಿಗಳನ್ನು ತಡೆಯಲು ರಸ್ತೆಯಲ್ಲಿ ಒಬ್ಬರನ್ನೂ ನಿಲ್ಲಿಸಿರಲಿಲ್ಲ.

ಡಬ್ಬಿಯವರು ಸತ್ತ ಹಂದಿಯನ್ನು ಮುತ್ತಿದರು. “ಗಾರ್ಡ ಸಾಹೇಬ್ರ, ಒಂದು ತೊಡಿನರ ಬಿಡ್ರಿ!”

“ಯಾರೂ ಕೈ ಹಚ್ಚಬ್ಯಾಡ್ರಿ. ಇದು ಸರ್ಕಾರದ ಮಾಲು.”

ಮೋರಿಯ ಮೇಲೆ ತಲೆ ಹಿಡಿದು ಕುಳಿತಿದ್ದ ಶರಣಪ್ಪ ಎದ್ದ. “ಸತ್ತ ಮ್ಯಾಲ ಸರ್ಕಾರದ್ದು. ಓಡಿ ಬಂದು ನನ್ನ ಗಾಡಿ ಮುರಿಯೋ ಮುಂದ ಯಾರದಿತ್ರಿ, ನಮ್ಮ ಮಾವಂದಾ?”

ಎಲ್ಲರೂ ನಕ್ಕರು. ಭೀಮರಾವ್ ನಗಲಿಲ್ಲ. ಮಾಂಸದ ಮೇಲೆ ಯಾರೂ ಹಕ್ಕು ಹೇಳದಂತೆ ಅಲ್ಲೇ ಪಂಚನಾಮೆ ಬರೆಯತೊಡಗಿದರು. ಕಂಡದ್ದನ್ನು ಪಂಚರ ಎದುರು ದಾಖಲಿಸುವ ಪತ್ರ ಅದು. ‘ನಮ್ಮ ಇಲಾಖೆಯ ಜನ ಅಟ್ಟುತ್ತಿದ್ದ ಹಿಂಡಿನ ಹಂದಿ’ ಎಂದು ಅವರು ಸ್ಪಷ್ಟವಾಗಿ ಬರೆದರು. ಗಾಡಿ ಸರಿಸುವ ಮೊದಲು ಟೈರಿನ ಗುರುತು ಅಳೆಯುವುದು ನನ್ನ ಪದ್ಧತಿ. ಕೈ ನಡುಗುತ್ತಿದ್ದರಿಂದ ಟೇಪನ್ನು ಅವರಿಗೇ ಕೊಟ್ಟೆ. ಹದಿನೆಂಟು ಅಡಿ ಎಂದು ಓದಿ, ಅದನ್ನೂ ಬರೆದುಕೊಂಡರು. ಗುರುತು ಅಷ್ಟು ಚಿಕ್ಕದಾಗಿದ್ದರೆ ವೇಗ ಹೆಚ್ಚಿರಲಿಲ್ಲ ಎಂದೇ ಅರ್ಥ.

ಶರಣಪ್ಪ ಪರಿಹಾರ ಕೇಳಿ ಅರಣ್ಯ ಇಲಾಖೆಗೆ ನೋಟಿಸು ಕೊಟ್ಟ. ‘ಕಾಡುಪ್ರಾಣಿ ತನ್ನಿಚ್ಛೆಯಂತೆ ತಿರುಗುತ್ತದೆ, ಸರ್ಕಾರ ಹೊಣೆಯಲ್ಲ, ಚಾಲಕ ಅತಿವೇಗದಲ್ಲಿದ್ದ’ ಎಂದು ಉತ್ತರ ಬಂತು. ಆ ಆರೋಪ ಸಾಬೀತಾದರೆ ಜೀಪಿನ ಜೊತೆ ಲೈಸೆನ್ಸೂ ಹೋಗುತ್ತಿತ್ತು. ಗಾಡಿಯ ವರದಿ ಬರೆಯಲು ನನಗೇ ಆದೇಶವಾಯಿತು. ನಾನು ಒಪ್ಪಲಿಲ್ಲ. ಒಳಗೆ ಕುಳಿತಿದ್ದವನು ಸಾಕ್ಷಿಯಾಗಬಹುದೇ ಹೊರತು ಪರೀಕ್ಷಕನಾಗಲಾರ. ಬೇರೆ ಇನ್ಸ್‌ಪೆಕ್ಟರ್ ಬಂದು ನೋಡಿ, ಬ್ರೇಕು ಸರಿಯಿತ್ತೆಂದು ಬರೆದರು.

ಶರಣಪ್ಪ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡಿದ. ಅಲ್ಲಿ ಸರ್ಕಾರಿ ವಕೀಲರು ನನ್ನನ್ನು ಕೇಳಿದರು: “ನೀವು ಗಾಬರಿಯಲ್ಲಿದ್ದಿರಿ. ನಿಮ್ಮ ಅಳತೆಯನ್ನು ನಂಬುವುದು ಹೇಗೆ?”

“ಗಾಬರಿಯಲ್ಲಿದ್ದೆ. ಅದಕ್ಕೇ ನಾನು ಅಳೆಯಲಿಲ್ಲ. ಅಳೆದವರು ನಿಮ್ಮ ಗಾರ್ಡ್.”

ಭೀಮರಾವ್ ಕಟಕಟೆ ಹತ್ತಿದರು. ಪಂಚನಾಮೆ ಅವಸರದಲ್ಲಿ ಬರೆದದ್ದು ಎಂದು ಹೇಳುವಂತೆ ಅವರ ಮೇಲೆ ಒತ್ತಡವಿತ್ತೆಂದು ಆಮೇಲೆ ತಿಳಿಯಿತು. ಅವರು ಹೇಳಿದ್ದು ಇಷ್ಟೇ: “ಹಂದಿ ನಾವೇ ಅಟ್ಟಿದ್ದು ಖರೆ ಅದರಿ. ರಸ್ತಾದಾಗ ಮಂದಿ ನಿಂದ್ರಿಸಿರಲಿಲ್ಲ. ನಾ ಬರದದ್ದು ನಾ ಅಳಸಂಗಿಲ್ಲ.”

ತಾನಾಗಿ ತಿರುಗುವ ಕಾಡುಪ್ರಾಣಿಗೆ ಸರ್ಕಾರ ಹೊಣೆಯಲ್ಲದಿರಬಹುದು. ಆದರೆ ತನ್ನ ಜನರಿಂದ ಅಟ್ಟಿಸಿ, ರಸ್ತೆ ಕಾಯದೆ ಬಿಟ್ಟ ಹಿಂಡಿಗೆ ಅದೇ ಹೊಣೆ ಎಂದು ನ್ಯಾಯಾಧೀಶರು ತೀರ್ಪಿತ್ತರು. ದುರಸ್ತಿಯ ಪೂರ್ತಿ ಖರ್ಚು ಸರ್ಕಾರದ ಮೇಲೆ ಬಿತ್ತು. ಶರಣಪ್ಪ ಕೋರ್ಟಿನ ಮೆಟ್ಟಿಲಲ್ಲೇ ಭೀಮರಾವ್ ಅವರನ್ನು ತಬ್ಬಿಕೊಂಡ.

ತೀರ್ಪು ಬಂದ ನಂತರದ ತೊಗರಿ ಸುಗ್ಗಿಯಲ್ಲಿ ಅದೇ ಜೀಪು, ಅದೇ ತಿರುವು. ಭೀಮರಾವ್ ಕೆಂಪು ಬಟ್ಟೆ ಬೀಸಿ ನಮ್ಮನ್ನು ತಡೆದರು. ಹೊಲದಲ್ಲಿ ಡಬ್ಬಿ ಮೊಳಗುತ್ತಿತ್ತು.

“ಸರ್ಕಾರದ ಮಂದಿ ದಾಟಾಕತ್ತಾರೇನ್ರಿ?” ಶರಣಪ್ಪ ಕೂಗಿದ.

“ಹೌದಪಾ, ಮರಿ-ಮಕ್ಕಳ ಸಮೇತ. ಸುಮ್ನ ಕುಂದ್ರು!”

ಹಿಂಡು ದಾಟಿತು. ನಾನು ನನ್ನ ಕೈ ನೋಡಿಕೊಂಡೆ. ಡಬ್ಬಿ ಸದ್ದಿಗೆ ಈಗಲೂ ಸ್ವಲ್ಪ ನಡುಗುತ್ತಿತ್ತು. ಸಾಕ್ಷಿಗೆ ಗಟ್ಟಿ ಎದೆ ಇರಲೇಬೇಕೆಂದಿಲ್ಲ. ಕೈ ನಡುಗಿದಾಗ ಟೇಪನ್ನು ಇನ್ನೊಬ್ಬರಿಗೆ ಕೊಡುವಷ್ಟು ಪ್ರಾಮಾಣಿಕತೆ ಇದ್ದರೆ ಸಾಕು ಎಂಬುದನ್ನು ನನ್ನ ನೌಕರಿ ಆ ತಿರುವಿನಲ್ಲಿ ಕಲಿಸಿತು.