ದನಿ ಕೇಳಿದೆ, ಮಾತು ಕೇಳಲಿಲ್ಲ

ಸಿರುಗುಪ್ಪದಲ್ಲಿ ಭತ್ತ ಕೊಯ್ಯುವ ಮಷಿನ್‌ಗಳನ್ನು ಬಾಡಿಗೆಗೆ ಬಿಡುವ ಅಂಗಡಿಯಲ್ಲಿ ಫೋನೆತ್ತುವುದು ನನ್ನ ಕೆಲಸ. ರೈತರ ಫೋನು ಇಟ್ಟ ಕೂಡಲೇ ಅವರ ದನಿಯಲ್ಲೇ ಮಾತಾಡಿ ಡ್ರೈವರುಗಳನ್ನು ನಗಿಸುತ್ತಿದ್ದೆ. ಯಾರು ಎಷ್ಟು ಸಲ ಕೆಮ್ಮುತ್ತಾರೆ, ಯಾರು ತೆಲುಗಿನಲ್ಲಿ ಬೈದು ಕನ್ನಡದಲ್ಲಿ ತಣ್ಣಗಾಗುತ್ತಾರೆ, ಎಲ್ಲ ಬಾಯಿಪಾಠ. ನನ್ನಷ್ಟು ಗಮನವಿಟ್ಟು ಕೇಳುವವನು ತಾಲ್ಲೂಕಿನಲ್ಲೇ ಇಲ್ಲವೆಂದು ನನಗೆ ನಾನೇ ಸನ್ಮಾನ ಮಾಡಿಕೊಂಡಿದ್ದೆ. ಶಾಲು ಹೊದಿಸುವುದೊಂದು ಬಾಕಿ.

ಕುರುಗೋಡಿನ ಮನೆಯಲ್ಲೂ ಇದೇ ಆಟ. ಅವ್ವ "ಗ್ಯಾಸ್ ಮುಗಿಯಾಕ ಬಂದೈತಿ" ಎಂದರೆ, ಅವಳಂತೆಯೇ ಸೆರಗು ಕೊಡವಿ ಅದನ್ನೇ ಹೇಳುತ್ತಿದ್ದೆ. ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. ಸಿಲಿಂಡರ್ ಮಾತ್ರ ಬರುತ್ತಿರಲಿಲ್ಲ.

ಹೋದ ಸುಗ್ಗಿಯಲ್ಲಿ ರಾರಾವಿಯಿಂದ ಹಿರಿಯ ರೈತರೊಬ್ಬರು ಫೋನ್ ಮಾಡಿದರು. ಪ್ರತಿ ಮಾತಿನ ಕೊನೆಗೂ ಮೂಗಿನಿಂದ ಉದ್ದಕ್ಕೆ "ಹ್ಞಾಂ" ಎಳೆಯುತ್ತಿದ್ದರು. ಅಪರೂಪದ ಮಾಲು! ಆ ಎಳೆತ ಕಲಿಯುವುದರಲ್ಲೇ ನಾನು ಮುಳುಗಿಹೋದೆ. ಮರುದಿನ ಅವರ ಗದ್ದೆಯಲ್ಲಿ ನಮ್ಮ ಮಷಿನ್ ಮುಳುಗಿತು. ಗದ್ದೆ ಇನ್ನೂ ಹಸಿ, ಟೈರಿನದು ಹೂತುಕೊಳ್ಳುತ್ತದೆ, ಚೈನಿನ ಮೇಲೆ ಓಡುವುದನ್ನೇ ಕಳಿಸಿ ಎಂದು ಮೂರು ಸಲ ಹೇಳಿದ್ದರಂತೆ. ನಾನು ಟೈರಿನದನ್ನು ಕಳಿಸಿದ್ದೆ.

ಅಂಗಡಿಯ ಫೋನುಗಳೆಲ್ಲ ರೆಕಾರ್ಡ್ ಆಗುತ್ತವೆ. ಮಾಲೀಕರಾದ ಸಾಹುಕಾರರು ಅದನ್ನು ಹಾಕಿ ಕೇಳಿಸಿದರು. ಮೂರು ಸಲ ಅಲ್ಲ, ನಾಲ್ಕು. ನಡುನಡುವೆ ನನ್ನ ದನಿ ಬಹಳ ವಿನಯದಿಂದ "ಹೂಂ ರೀ, ಹೂಂ ರೀ" ಎನ್ನುತ್ತಿತ್ತು.

"ಅವರ್ದು ಮೇಲಿನ ಗದ್ದಿ ಇನ್ನೂ ಕೊಯ್ಯೋದೈತಿ. ಆ ಕೆಲಸ ನಮಗ ತಂದ್ರ ನೀ ಇರ್ತಿ. ಇಲ್ಲಂದ್ರ ನಾಳಿಂದ ಬರಬ್ಯಾಡಲೇ. ಎಲ್ಲೆರ ಬರ್ತ್‌ಡೇದಾಗ ಕೋತಿ ದನಿ ತಗಿ ಹೋಗು!"

ರಾರಾವಿಗೆ ಓಡಿದೆ. ಎರಡು ಟ್ರ್ಯಾಕ್ಟರುಗಳು ಮಷಿನ್ನನ್ನು ಎಳೆದು ಮೇಲೆ ಹಾಕಿದ್ದವು. ನಿಂತ ಭತ್ತದ ನಡುವೆ ಕಾಲುವೆ ತೋಡಿದಂತಿತ್ತು. ರೈತರು ಬದುವಿನ ಮೇಲೆ ಕೂತಿದ್ದರು.

"ಬಾರಪಾ ಸಾಹೇಬಾ. ನನ್ನಂಗ ಮಾತಾಡ್ತೀಯಂತ? ಡ್ರೈವರ್ ಹೇಳಿದ. ಮಾತಾಡು, ಕೇಳೂಣು."

ಜೀವನದಲ್ಲಿ ಮೊದಲ ಸಲ ಒಬ್ಬರು ತಾವಾಗಿಯೇ ಕರೆದು ಅವಕಾಶ ಕೊಟ್ಟರು, ನಾನೇ ಕೈ ಮುಗಿದೆ.

"ಬ್ಯಾಡ್ರಿ. ನೀವ ಹೇಳ್ರಿ."

ಮೇಲಿನ ಗದ್ದೆಯ ಬಗ್ಗೆ ಅರ್ಧ ತಾಸು ಹೇಳಿದರು. ಇಬ್ಬನಿ ಆರಿದ ಮೇಲೆ ಬರಬೇಕು. ದಾರಿ ಪಂಪ್‌ಸೆಟ್ ಕಡೆಯಿಂದ. ಮೂಲೆಯ ಮಡಿ ಬಿತ್ತನೆ ಬೀಜಕ್ಕೆ, ಅದನ್ನು ಮುಟ್ಟಬಾರದು. ಆ "ಹ್ಞಾಂ" ಹತ್ತಾರು ಸಲ ಬಂದು ನನ್ನ ಮುಂದೆ ಕುಣಿಯಿತು. ಹಲ್ಲು ಕಚ್ಚಿ ಕೂತೆ.

"ಈಗ ಹೇಳು, ನಾ ಏನಂದೆ?"

ಒಂದೂ ಬಿಡದೆ ಒಪ್ಪಿಸಿದೆ, ನನ್ನದೇ ದನಿಯಲ್ಲಿ. ಅದು ಎಷ್ಟು ಸಪ್ಪೆ ಎಂದು ಅವತ್ತೇ ಗೊತ್ತಾಗಿದ್ದು.

"ದನಿ ಏನ್ ಚಂದಿಲ್ಲ ಬಿಡು," ಎಂದರು. "ಮಾತು ಮಾತ್ರ ನಂದ ಐತಿ. ಶುಕ್ರವಾರ ಕಳ್ಸು."

ಕೆಲಸ ಉಳಿಯಿತು. ಅಂದು ಸಂಜೆ ಅವ್ವ ಮಾತು ಶುರು ಮಾಡಿದಾಗಲೂ, ಹೊಸ ರೂಢಿಯಲ್ಲಿ, ಸುಮ್ಮನೆ ಕೂತೆ. ಬಲಗಣ್ಣು ಮಬ್ಬಾಗಿದೆ ಎಂದಳು.

"ಯಾವಾಗಿಂದವ್ವಾ?"

"ದೀಪಾವಳಿಯಿಂದ ಹೇಳಾಕತ್ತೀನಿ. ನೀ ಕಣ್ಣು ಕಿರಿದು ಮಾಡಿ ನನ್ನಂಗ ನಟಿಸಿ ತೋರಿಸಿದ್ಯಲ್ಲ!"

ನಗು ಬರಲಿಲ್ಲ. ಸಾಹುಕಾರರ ಹತ್ತಿರ ಶನಿವಾರದ ರಜೆ ಕೇಳಿದೆ. ಬಳ್ಳಾರಿಯ ಕಣ್ಣಿನ ದವಾಖಾನೆಗೆ ಹೋಗುವಾಗ ಬಸ್ಸಿನ ಉದ್ದಕ್ಕೂ ಅವ್ವ ಬಾಯಿ ಮುಚ್ಚಲಿಲ್ಲ. ಒಂದೊಂದು ಮಾತನ್ನೂ ಕೇಳಿದೆ. ಅದರಲ್ಲಿ ಮುಕ್ಕಾಲು ಭಾಗ ನನ್ನ ಮೇಲಿನ ದೂರು.