ಕಲೆಯಿಲ್ಲದ ಅಂಗಿ

ಹತ್ತನೆಯ ತರಗತಿಯ ಕೊನೆಯ ಪರೀಕ್ಷೆ ಮುಗಿಸಿ ಚಿಕ್ಕ ಮಗಳು ಸಂಜೆ ಉಳ್ಳೂರಿನ ನಮ್ಮ ಮನೆಗೆ ಬಂದಾಗ ಅವಳ ಬಿಳಿ ಅಂಗಿಯ ಮೇಲೆ ಒಂದು ಚುಕ್ಕೆ ಶಾಯಿಯೂ ಇರಲಿಲ್ಲ. ಹತ್ತು ವರ್ಷದ ಹಿಂದೆ ದೊಡ್ಡವಳು ಇಂಥದೇ ದಿನ ಅಂಗಿಯ ತುಂಬ ಗೆಳತಿಯರ ಸಹಿ ಹಾಕಿಸಿಕೊಂಡು ಬಂದು ನನ್ನಿಂದ ಬೈಸಿಕೊಂಡಿದ್ದಳು. ಅದು ನೆನಪಾಗಿ ಈ ಸಲ ನಾನೇ ಹಳೆಯ ಯೂನಿಫಾರ್ಮ್ ಹಾಕಿಸಿ, ಬ್ಯಾಗಿನಲ್ಲಿ ಸ್ಕೆಚ್ ಪೆನ್ ಇಟ್ಟು ಕಳಿಸಿದ್ದೆ.

"ಯಾರೂ ಸೈನ್ ಹಾಕ್ಲಿಲ್ವಾ ಮಗಾ?"

"ಆರ್ಕುಂ ಟೈಮಿಲ್ಲ ಅಮ್ಮೇ," ಎಂದಳು, ಎಂದಿನಂತೆ ಮಲಯಾಳದಲ್ಲಿ. ಯಾರಿಗೂ ಟೈಮಿಲ್ಲವಂತೆ. ಕೋಚಿಂಗ್ ಕ್ಲಾಸಿನ ಬಸ್ಸುಗಳು ಶಾಲೆಯ ಗೇಟಿನಲ್ಲೇ ಕಾಯುತ್ತಿದ್ದವಂತೆ. ಆ ಕ್ಲಾಸಿಗೆ ಇವಳನ್ನು ಸೇರಿಸಿದವಳೂ ನಾನೇ.

ಅಂಗಿಯನ್ನು ಬಕೆಟಿನಲ್ಲಿ ನೆನೆಹಾಕಿದೆ. ಅಂದು ದೊಡ್ಡವಳ ಅಂಗಿಯ ಶಾಯಿ ಬಿಡಿಸಲು ಅರ್ಧ ಗಂಟೆ ಉಜ್ಜಿದ್ದೆ. ಆಗಲೂ ನನಗೆ ಇಷ್ಟು ದಣಿವಾಗಿರಲಿಲ್ಲ.